ಗಾದಿ ನೋಡಿ ನಾಯಿ ಕೊಡುವ ಲಾಡಸಾಬಜ್ಜ

ಓದುವವರು ಮೊದಲು ನನ್ನ ಅಕ್ಷರವನ್ನು ಮನ್ನಿಸಬೇಕು. ನಾನು ಐದನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವಳು. ಬಿಟ್ಟು ಐದು ವರ್ಷವಾಯಿತು. ನಮ್ಮ ಸವಡಿಯ ವಾಚನಾಲಯದ ಈ ಕೈಬರಹದ ಪತ್ರಿಕೆಯಲ್ಲಿ ಉಳಿದವರ ಅಕ್ಷರ ಪೋಣಿಸಿದ ಮುತ್ತಿನಂತಿದೆ. ನನ್ನದು ಕೋಳಿ ಕೆದರಿದಂತಿದೆ. ಶಬ್ದಗಳೂ ಬೇಕಾದಾಗ ಸಿಗುವುದಿಲ್ಲ. ಆದರೂ ಹೂವಪ್ಪ ಮಾಸ್ತರರು ನಾಲ್ಕು ಹಾಳೆ ಕೊಟ್ಟು, "ನಿನಗ ಉಪಕಾರ ಮಾಡಿದ ಒಬ್ಬರ ಬಗ್ಗೆ ಬರಿ. ದೊಡ್ಡವರ ಬಗ್ಗೆ ಬ್ಯಾಡ, ಅವರನ್ನ ಬರಿಯೂ ಮಂದಿ ಭಾಳ ಅದಾರ" ಎಂದರು. ಹಾಳೆ ಕೆಡಬಾರದೆಂದು ಪ್ರತಿ ಮಾತನ್ನೂ ಮೊದಲು ಪಾಟಿಯ ಮೇಲೆ ಬರೆದು, ಆಯಿಗೆ ಓದಿ ಹೇಳಿ, ಆಮೇಲೆ ಇಲ್ಲಿಗೆ ಇಳಿಸಿದ್ದೇನೆ. ಆಯಿ ಎಂದರೆ ನಮ್ಮಪ್ಪನ ತಾಯಿ, ಸಿದ್ದಲಿಂಗವ್ವ. ನಾನು ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಬೇರೆಯಾಗಿ ಬರೆದಿದ್ದೇನೆ.

ಲಾಡಸಾಬಜ್ಜನನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಗಜೇಂದ್ರಗಡದ ಪಿಂಜಾರರು ಅವರು. ಗುಡ್ಡದ ಬುಡದಲ್ಲಿ ಮನೆ. ಹತ್ತಿ ಬಿಡಿಸಿ ಮುಗಿದ ಮೇಲೆ, ಮದುವೆಗಳ ಕಾಲಕ್ಕೆ, ಹೆಗಲ ಮೇಲೆ ಆಳುದ್ದದ ಬಿಲ್ಲು ಹೊತ್ತು ನರಗುಂದದಿಂದ ರೋಣದ ಮೇಲೆ ಹಾಯ್ದು ಗಜೇಂದ್ರಗಡದವರೆಗೆ ಊರೂರು ನಡೆಯುತ್ತಿದ್ದರು. ಬಿಲ್ಲು ಬೇಟೆಯದಲ್ಲ, ಅರಳೆ ಹಿಂಜುವುದು. ಅದರ ಹುರಿಯನ್ನು ಕುರಿಯ ಕರುಳಿನಿಂದ ಹೊಸೆದಿರುತ್ತಾರೆ. ಮರದ ಗುಂಡಿನಿಂದ ಹುರಿಯನ್ನು ಹೊಡೆದರೆ ಟುಂಯ್ ಟುಂಯ್ ಎಂದು ನಾದ ಬರುತ್ತದೆ, ಗಂಟು ಕಟ್ಟಿದ ಅರಳೆ ಹಾರಿ ಹಾರಿ ನೊರೆಯಂತೆ ಬೀಳುತ್ತದೆ. ಆ ನಾದ ಕೇಳಿದರೆ ಸಾಕು, ಊರಿನ ಹೆಂಗಸರು ಹಳೆಯ ಗಾದಿಗಳನ್ನು ಅಂಗಳಕ್ಕೆ ತಂದು ಹಾಕುತ್ತಿದ್ದರು.

ಅಜ್ಜನ ಹಿಂದೆ ಯಾವಾಗಲೂ ಒಂದು ಕುಂಟ ನಾಯಿ ಬರುತ್ತಿತ್ತು. ಅದು ಮುಧೋಳ ನಾಯಿ.

ನಮ್ಮ ಕಡೆ ಮುಧೋಳ ನಾಯಿ ಎಂದರೆ ಉಳ್ಳವರಿಗೆಲ್ಲ ಆಸೆ. ಉದ್ದ ಮೂತಿ, ಬೆನ್ನಿಗೆ ಹತ್ತಿದ ಹೊಟ್ಟೆ. ಓಡಿದರೆ ನೆಲ ಮುಟ್ಟುವುದೇ ಕಾಣುವುದಿಲ್ಲ. ಸುಗ್ಗಿ ಮುಗಿದು ಹೊಲ ಬಯಲಾದ ಕೂಡಲೇ ಮೊಲದ ಹಿಂದೆ ಬಿಡುತ್ತಾರೆ. ಆದರೆ ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಹೇಗೆ ಬಿರಿಯುತ್ತದೆಂದು ನಿಮಗೇ ಗೊತ್ತು. ಮೊಳದುದ್ದ ಕೋಲು ಇಳಿಬಿಟ್ಟರೂ ತಳ ಸಿಗುವುದಿಲ್ಲ. ಓಡುವ ನಾಯಿಯ ಕಾಲು ಆ ಬಿರುಕಿನಲ್ಲಿ ಸಿಕ್ಕಿತೆಂದರೆ ಮುರಿದಂತೆಯೇ. ಕಾಲು ಮುರಿದ ನಾಯಿಯನ್ನು ಮನೆಗೆ ತರುವವರು ಕಡಿಮೆ. ದಾರಿಯ ಬದಿಗೆ ಬಿಟ್ಟು ಬರುತ್ತಾರೆ. ಮುಂದಿನ ವರ್ಷ ಹೊಸ ಮರಿ ತರುತ್ತಾರೆ.

ಅಜ್ಜನಿಗೆ ಈ ಕುಂಟ ನಾಯಿಗಳ ಗೀಳು ಅಂಟಿಕೊಂಡದ್ದು ಹೇಗೆ ಎಂಬುದನ್ನು ನಾನು ಅವರ ಬಾಯಿಂದಲೇ ಕೇಳಿದ್ದೇನೆ. ನರಗುಂದದ ಹತ್ತಿರ ಒಂದು ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬಿಲ್ಲನ್ನು ಒರಗಿಸಿ ಮಲಗಿದ್ದರಂತೆ. ಎದ್ದು ನೋಡಿದರೆ ಬಿಲ್ಲಿಗೆ ಹುರಿಯೇ ಇಲ್ಲ. ಮಾರು ದೂರದಲ್ಲಿ ಮೂರು ಕಾಲಿನ ಮೇಲೆ ನಿಂತ ಒಂದು ಮುಧೋಳ ನಾಯಿ ಕರುಳಿನ ಹುರಿಯ ಕಡೆಯ ತುಂಡನ್ನು ಅಗಿಯುತ್ತಿತ್ತು.

"ಬಡಿಯಾಕ ಗುಂಡು ಎತ್ತಿದ್ನಿ ತಂಗಿ," ಎಂದು ಅಜ್ಜ ಹೇಳುತ್ತಿದ್ದರು. "ಅದು ಓಡಲಿಲ್ಲ. ಬಾಲ ಅಳ್ಳಾಡಿಸ್ತು. ಹಸದದ್ದು ಕರಳ ತಿಂದ್ರ ಅದರ ತಪ್ಪೇನ? ಹುರಿ ಇಲ್ಲದ ಪಿಂಜಾರ, ಕಾಲಿಲ್ಲದ ನಾಯಿ, ಇಬ್ಬರೂ ಕೂಡಿ ಗಜೇಂದ್ರಗಡಕ್ಕ ವಾಪಸ್ ಹೊಂಟ್ವಿ. ನನ್ನ ಅನ್ನಾನ ತಿಂದ ಮ್ಯಾಲ ಅದು ನನ್ನ ಮನಿ ಮಗನ ಆತಲ್ಲ!"

ಆಮೇಲೆ ದಾರಿಯಲ್ಲಿ ಬಿಟ್ಟ ನಾಯಿಗಳನ್ನೆಲ್ಲ ಜನ ಅಜ್ಜನಿಗೇ ತೋರಿಸತೊಡಗಿದರು. ಅಜ್ಜ ಬಿದಿರಿನ ಸೀಳು ಕಟ್ಟಿ, ಅರಳೆ ಸುತ್ತಿ ಕಾಲು ಕೂಡಿಸುತ್ತಿದ್ದರು. ಆಮೇಲೆ ಊರೂರು ತಿರುಗುವಾಗ ಒಳ್ಳೆಯ ಮನೆ ನೋಡಿ ಕೊಟ್ಟು ಬರುತ್ತಿದ್ದರು. ಇಟಗಿ, ಮುಶಿಗೇರಿ, ರೋಣದಲ್ಲೆಲ್ಲ ಅವರು ಕೊಟ್ಟ ನಾಯಿಗಳಿವೆ. ಎಷ್ಟು ಎಂದು ಅಜ್ಜನಿಗೂ ನೆನಪಿಲ್ಲ. ಹೆಸರುಗಳು ಮಾತ್ರ ನೆನಪಿವೆ.

ಒಳ್ಳೆಯ ಮನೆ ಎಂದು ತಿಳಿಯುವುದು ಹೇಗೆ? ಇದೇ ಅಜ್ಜನ ವಿದ್ಯೆ. ನಾಯಿ ಬೇಕು ಎಂದವರ ಮನೆಯಲ್ಲಿ ಅವರು ಮೊದಲು ಎಲ್ಲಕ್ಕಿಂತ ಹಿರಿಯರ ಗಾದಿಯನ್ನು ಮುಟ್ಟಿ ನೋಡುತ್ತಿದ್ದರು. ಗಾದಿ ಮಾಡುವವರಾದ್ದರಿಂದ ಯಾರಿಗೂ ಸಂಶಯ ಬರುತ್ತಿರಲಿಲ್ಲ.

"ನಡುಮನಿಯೊಳಗಿನ ಗಾದಿ ಬಂದವರಿಗೆ ತೋರ್ಸಾಕ ಇರ್ತೈತಿ. ಮುದುಕರ ಗಾದಿ ಯಾರಿಗೂ ತೋರಸೂದಲ್ಲ," ಎಂದು ಒಮ್ಮೆ ನನಗೆ ಹೇಳಿದರು. "ಅದು ಮೆತ್ತಗಿತ್ತಂದ್ರ ಆ ಮನ್ಯಾಗ ಕೆಲಸಕ್ಕ ಬಾರದವರಿಗೂ ಜಾಗಾ ಐತಿ ಅಂತ ತಿಳ್ಕೊ. ಅಲ್ಲಿ ನನ್ನ ಕುಂಟ ನಾಯಿ ಬದುಕ್ತೈತಿ."

ಒಂದು ಊರಿನ ದೊಡ್ಡ ಮನೆಯವರು ಕುರ್ಚಿ ಹಾಕಿ ಕೂಡಿಸಿ ನಾಯಿ ಕೇಳಿದರಂತೆ. ಅವರ ತಾಯಿಯ ಗಾದಿ ರೊಟ್ಟಿ ಹಂಚಿನಂತೆ ಗಟ್ಟಿ ಇತ್ತಂತೆ. ಅಜ್ಜ ಏನೂ ಅನ್ನದೆ ಆ ಗಾದಿಯನ್ನು ಬಿಚ್ಚಿ ಹಿಂಜಿ ಹೊಲಿದುಕೊಟ್ಟು, "ಈ ಸಲ ನಾಯಿ ಇಲ್ರಿ" ಎಂದು ಹೊರಟರಂತೆ. ನಾಯಿ ಬಾಗಿಲಲ್ಲೇ ಕುಳಿತಿತ್ತಂತೆ!

ಈಗ ನಮ್ಮ ಮನೆಯ ಮಾತು. ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಸೇರಿದ ವರ್ಷದ ಬೇಸಿಗೆ. ನನ್ನ ಅಕ್ಕ ಚನ್ನವ್ವನ ಮದುವೆ ನಿಶ್ಚಯವಾಗಿತ್ತು. ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ ಗುರುಸಂಗಪ್ಪ, ಆಯಿ, ಅಕ್ಕ, ನಾನು. ನಾನು ಹೊರಗಿನವರ ಮುಂದೆ ಮಾತನಾಡುತ್ತಿರಲಿಲ್ಲ. ಬೇಕಂತ ಅಲ್ಲ, ಗಂಟಲಿಗೆ ಬಂದ ಮಾತು ಅಲ್ಲೇ ನಿಲ್ಲುತ್ತಿತ್ತು. ಓಣಿಯವರು ನನ್ನನ್ನು ಮೂಗಿ ಎನ್ನುತ್ತಿದ್ದರು.

ಅಕ್ಕನ ಗಾದಿಗೆಂದು ಅಪ್ಪ ನಮ್ಮ ಹೊಲದ ಹೊಸ ಅರಳೆಯನ್ನು ಪಡಸಾಲೆಯಲ್ಲಿ ಒಟ್ಟಿದ್ದ. ಪಿಂಜಾರರು ಬರುವ ಎರಡು ದಿನ ಮುಂಚೆ, ಅಪ್ಪನೂ ಅಕ್ಕನೂ ಹೊಲಕ್ಕೆ ಹೋದಾಗ, ಆಯಿ ನನ್ನನ್ನು ಕರೆದು ಕದ ಹಾಕಿಸಿದಳು. ತನ್ನ ಗಾದಿಯ ಹೊಲಿಗೆಯನ್ನು ಬಿಚ್ಚಿದಳು. ಒಳಗಿನ ಅರಳೆಯನ್ನೆಲ್ಲ ತೆಗೆದು ಹೊಸ ಅರಳೆಯ ರಾಶಿಯಲ್ಲಿ ಕೂಡಿಸಿದಳು. ಅದು ಅವಳು ನರಗುಂದದ ತವರಿನಿಂದ ಮದುವೆಯಲ್ಲಿ ತಂದ ಅರಳೆ. ಮತ್ತೆ ಮತ್ತೆ ಹಿಂಜಿಸಿ ಇಷ್ಟು ವರ್ಷ ಕಾಯ್ದುಕೊಂಡಿದ್ದಳು. ತನ್ನ ಗಾದಿಗೆ ಹಳೆಯ ಸೀರೆಯ ಚಿಂದಿ, ಕಾಳು ಕಸ ಕೂಡಿದ ಅರಳೆ ತುಂಬಿ ಹೊಲಿದಳು.

"ನಿಮ್ಮವ್ವ ಇದ್ದಿದ್ರ ಆಕಿ ತವರಿಂದ ಏನರ ತರ್ತಿದ್ಳು ಚನ್ನಿಗೆ. ಇಲ್ಲಲ್ಲ. ನನ್ನ ತವರಿಂದ ಹೋಗ್ಲಿ," ಎಂದಳು. "ನಿಮ್ಮಪ್ಪಗ ಗೊತ್ತಾದ್ರ ತಿರುಗಿ ತುಂಬಸ್ತಾನ. ಯಾರ ಮುಂದರ ಬಾಯಿ ಬಿಟ್ಟಿ ಅಂದ್ರ ನನ್ನ ಮ್ಯಾಲ ಆಣಿ ನೋಡು."

ಮೂಗಿಗೆ ಆಣೆ ಯಾಕೆ ಎಂದು ನಾನು ಆಗ ಅಂದುಕೊಂಡೆ.

ಲಾಡಸಾಬಜ್ಜ ಬಂದರು. ಜೊತೆಗೆ ಚಿಗರಿ ಎಂಬ ಹೆಣ್ಣು ನಾಯಿ. ಬೂದು ಬಣ್ಣ, ಎಡಗಡೆಯ ಹಿಂಗಾಲು ಕೂಡಿಕೊಂಡಿದ್ದರೂ ನೆಲಕ್ಕೆ ಹತ್ತುತ್ತಿರಲಿಲ್ಲ. ಆಯಿ ಅದನ್ನು ಕಂಡು ಗಲ್ಲದ ಮೇಲೆ ಕೈ ಇಟ್ಟಳು.

"ಏನೋ ಲಾಡಸಾಬ, ನಾಯಿಗೆ ಉಪಾಸ ಹಿಡಿಸೀ ಏನ? ಎಲವು ಎಣಿಸಬಹುದು!"

"ಇದರ ಜಾತೀನ ಹಿಂಗ ಬೇ ಯವ್ವಾ. ಹೋಳಿಗಿ ತುಪ್ಪ ಹಾಕಿದ್ರೂ ಎಲವು ಮುಚ್ಚೂದಿಲ್ಲ."

"ಹಂಗಾರ ನಿನ್ನ ಜಾತೀನೂ ಹಂಗ ಕಾಣ್ತೈತಿ," ಎಂದು ಆಯಿ ನಕ್ಕಳು. ಅಜ್ಜ ನಗಲು ಹೋಗಿ ಕೆಮ್ಮಿದರು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ನಾಲ್ಕು ದಿನ ಕೆಲಸ ನಡೆಯಿತು. ಅಜ್ಜನಿಗೆ ನೀರು, ನಾಯಿಗೆ ನೀರು ಕೊಡುವುದು ನನ್ನ ಪಾಲಿಗೆ ಬಂದಿತ್ತು. ಚಿಗರಿ ಮೊದಲ ದಿನವೇ ತನ್ನ ಉದ್ದ ಮೂತಿಯನ್ನು ನನ್ನ ತೊಡೆಯ ಮೇಲೆ ಇಟ್ಟು ಕಣ್ಣು ಮುಚ್ಚಿತು. ಅದಕ್ಕೆ ಮಾತು ಬೇಕಿರಲಿಲ್ಲ. ನನಗೂ ಬೇಕಿರಲಿಲ್ಲ. ಮಾತನಾಡದವಳು ಪಕ್ಕದಲ್ಲಿದ್ದರೆ ಎದುರಿಗಿನವರು ಹೆಚ್ಚು ಮಾತನಾಡುತ್ತಾರೆ. ಹಾಗಾಗಿಯೇ ಹುರಿ ತಿಂದ ನಾಯಿಯ ಕಥೆ, ಗಾದಿಯ ವಿದ್ಯೆ ಎಲ್ಲ ನನಗೆ ಗೊತ್ತಾದದ್ದು. ಇನ್ನೊಂದು ಮಾತೂ ಗೊತ್ತಾಯಿತು. ರೋಣದ ದವಾಖಾನೆಯ ಡಾಕ್ಟರರು, ಅರಳೆಯ ಧೂಳು ಎದೆಯಲ್ಲಿ ಕೂತಿದೆ, ಇನ್ನು ಬಿಲ್ಲು ಮುಟ್ಟಬೇಡಿರಿ ಎಂದು ಹೇಳಿದ್ದರಂತೆ.

"ಇದ ಕಡೀ ತಿರಗಾಟ ತಂಗಿ. ಇಕಿಗೊಂದು ಮನಿ ಸಿಕ್ಕರ ಮುಗೀತು. ಬರೂ ದಾರಿಯೊಳಗ ಏಳು ಮನಿಯವರು ಒಲ್ಲೆ ಅಂದ್ರು. ಕುಂಟಿ, ಮೊಲ ಹಿಡಿಯಾಂಗಿಲ್ಲ ಅಂತ."

"ನಿಮ್ಮ ಮನೆ?" ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅವರೇ ಹೇಳಿದರು. ಮನೆಯ ಹಿತ್ತಲಲ್ಲಿ ಆಗಲೇ ಮೂರು ನಾಯಿ ಇದ್ದವು, ನಾಲ್ಕನೆಯದಕ್ಕೆ ಜಾಗವಿರಲಿಲ್ಲ. ಹೊರಗೆ ಬಿಟ್ಟರೆ ಊರ ನಾಯಿಗಳು ಮೂರು ಕಾಲಿನದನ್ನು ಬದುಕಗೊಡುವುದಿಲ್ಲ. ಹಿಂದಿನ ವರ್ಷ ಒಂದನ್ನು ಹಾಗೆಯೇ ಕಳೆದುಕೊಂಡಿದ್ದರು. ಅದರ ಹೆಸರು ಹೇಳುವಾಗ ಅಜ್ಜ ಗುಂಡನ್ನು ಕೆಳಗಿಟ್ಟರು.

ಮೂರನೆಯ ದಿನ ಅಪ್ಪನೇ ಕೇಳಿದ. "ಈ ನಾಯಿ ಇಲ್ಲೇ ಬಿಡ್ರಿ ಸಾಬ್ರ. ನಮ್ಮ ಸಣ್ಣಾಕಿ ಅದರ ಕೂಡ ಚಲೋ ಅದಾಳ." ನನ್ನ ಎದೆ ಬಿಲ್ಲಿನ ಹುರಿಯಂತೆ ಮಿಡಿಯಿತು. ಅಜ್ಜನ ಮುಖವೂ ಅರಳಿತು. "ನಾಳೆ ಹೇಳ್ತೇನ್ರಿ," ಎಂದರು.

ಮರುದಿನ ಅವರು ಆಯಿಯ ಗಾದಿಯನ್ನು ಕೇಳಿದರು. ಆಯಿ, "ನಂದು ಬ್ಯಾಡೋ, ಅದಕ್ಕೇನಾಗೇತಿ, ಹೋದ ವರ್ಷ ಆಗೇತಿ" ಎಂದು ಅಡ್ಡ ಬಂದಳು. ಆದರೆ ಅಜ್ಜ ಮೂಲೆಯನ್ನು ಮುಟ್ಟಿಯಾಗಿತ್ತು. ಬೆರಳಿನಿಂದ ಒತ್ತಿದರು. ಇನ್ನೊಂದು ಕಡೆ ಒತ್ತಿದರು. ನಾನು ಅವರ ಮುಖ ನೋಡುತ್ತ ನಿಂತಿದ್ದೆ. ಕದ ಮುಚ್ಚಿದಂತೆ ಆಯಿತು ಆ ಮುಖ.

ಸಂಜೆ ಅಪ್ಪನಿಗೆ, "ನಾಯಿ ಬ್ಯಾರೆ ಊರಿಗೆ ಮಾತಾಗೇತ್ರಿ, ನಾನ ಮರ್ತಿದ್ದೆ" ಎಂದರು. ಅಪ್ಪ ಪಾಪ, ಇರಲಿ ಬಿಡ್ರಿ ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಎರಡೂ ಕಡೆಯ ಮಾತು ಗೊತ್ತಿದ್ದವಳು ನಾನೊಬ್ಬಳೇ. ಬೇರೆ ಊರು ಇಲ್ಲ. ಚಿಗರಿಗೆ ಎಲ್ಲೂ ಮನೆ ಇಲ್ಲ. ನಮ್ಮಪ್ಪ ತನ್ನ ತಾಯಿಯನ್ನು ಕಲ್ಲಿನ ಮೇಲೆ ಮಲಗಿಸುವವ ಎಂದು ಅಜ್ಜ ತಿಳಿದು ಹೊರಟಿದ್ದಾರೆ. ಹೇಳಿದರೆ ಆಯಿಯ ಮೇಲೆ ಆಣೆ.

ಮುಂಜಾನೆ ಅಜ್ಜ ಬಿಲ್ಲು ಹೊತ್ತು ಹೊರಟರು. ಚಿಗರಿ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ ಕುಂಟುತ್ತ ಹೋಯಿತು. ನಾನು ಕಸಬರಿಗೆ ಹಿಡಿದು ಅಂಗಳದಲ್ಲಿ ನಿಂತಿದ್ದೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಮೇಲೆ ಓಡಿದೆ. ಕಸಬರಿಗೆ ಕೈಯಲ್ಲೇ ಇತ್ತು ಎಂಬುದು ಹಳ್ಳ ಮುಟ್ಟಿದ ಮೇಲೆ ತಿಳಿಯಿತು.

ಅಜ್ಜ ಹಳ್ಳದ ದಂಡೆಯ ಕಲ್ಲಿನ ಮೇಲೆ ಕೂತು ಕೆಮ್ಮುತ್ತಿದ್ದರು.

"ಯಾಕ ತಂಗಿ? ಕಸಬರಗಿ ತಗೊಂಡು ಬೆನ್ನ ಹತ್ತೀದಿ, ಏನರ ಕದ್ದೇನೇನ್ ನಿಮ್ಮ ಮನ್ಯಾಗ?"

ನಾನು ತಲೆ ಅಲ್ಲಾಡಿಸಿದೆ.

"ಚಿಗರಿಗೆ ರೊಟ್ಟಿ ತಂದಿ ಏನ?"

ಮತ್ತೆ ತಲೆ ಅಲ್ಲಾಡಿಸಿದೆ. ಚಿಗರಿ ಬಂದು ನನ್ನ ಕಾಲಿಗೆ ಒರಗಿ ನಿಂತಿತು.

"ಗಾದಿ," ಎಂದೆ.

"ಯಾವ ಗಾದಿ?"

"ಆಯಿದು. ಆಕಿ ಅರಳಿ ಅಕ್ಕನ ಗಾದ್ಯಾಗ ಐತಿ. ಆಕಿನ ಹಾಕ್ಯಾಳ. ನರಗುಂದದ್ದು. ಅಪ್ಪಗ ಗೊತ್ತಿಲ್ಲ. ಆಣಿ ಹಾಕ್ಯಾಳ."

ಹೊರಗಿನವರ ಮುಂದೆ ಅಷ್ಟು ಮಾತು ನಾನು ಆಡಿದ್ದು ಅದೇ ಮೊದಲು. ಆಡಿ ಮುಗಿಸಿ ಚಿಗರಿಯ ಪಕ್ಕಕ್ಕೆ ಕೂತೆ. ಅಜ್ಜ ತಮ್ಮ ಕೈಗಳನ್ನು ನೋಡಿಕೊಂಡರು.

"ಖರೇನ," ಎಂದರು. "ಲಗ್ನದ ಗಾದಿ ಹಿಂಜುವಾಗ ಕೈಗೆ ಹಳೇ ಅರಳಿ ಹತ್ತಿತ್ತು. ಭಾಳ ಸಲ ಹಿಂಜಿದ್ದು, ರೇಶ್ಮಿಯಂಥಾದ್ದು. ಹೊಸಾದರಾಗ ಇದೆಲ್ಲಿಂದ ಬಂತು ಅಂದ್ಕೊಂಡ್ನಿ. ಕೈ ಹೇಳಿತ್ತು ತಂಗಿ, ನಾ ಕೇಳಲಿಲ್ಲ. ಒಂದು ಮಾತು ಬಾಯಿಬಿಟ್ಟು ಕೇಳಿದ್ರ ಆಗ್ತಿತ್ತು. ಮುದುಕರ ಗಾದಿ ನೋಡೂದು ಕಲ್ತೆ, ಮುದುಕರನ್ನ ಕೇಳೂದು ಕಲೀಲಿಲ್ಲ." ಬಿಲ್ಲನ್ನು ಹೆಗಲಿಗೆ ಏರಿಸುತ್ತ, "ಆ ರೊಟ್ಟಿ ಹಂಚಿನ ಮುದುಕಿನೂ ಎಲ್ಲಿ ಹಾಕಿದ್ಳೋ ಏನೋ ತನ್ನ ಅರಳಿ," ಎಂದರು.

ಮೂವರೂ ತಿರುಗಿ ಬಂದೆವು. ಅಪ್ಪ ಎತ್ತು ಬಿಚ್ಚುತ್ತಿದ್ದ.

"ಯಾಕ್ರಿ ಸಾಬ್ರ, ಬಂದ್ರಿ?"

"ಆ ಊರಿನವರು ನಾಯಿ ಒಲ್ಲೆ ಅಂದ್ರು ನೋಡ್ರಿ."

"ಇಷ್ಟು ಲಗೂ? ಇನ್ನೂ ಹಳ್ಳ ದಾಟಿಲ್ಲ ಅಂತ ಕಾಣ್ತೈತಿ!"

"ಹಳ್ಳದಾಗ ಸಿಕ್ಕಿದ್ರು ನೋಡ್ರಿ," ಎಂದರು ಅಜ್ಜ. ನನ್ನ ಆಣೆಯನ್ನು ಅವರು ಹಾಗೆ ಕಾಯ್ದರು.

ಪಿಂಜಾರರಿಗೆ ಪ್ರತಿ ಮನೆಯಿಂದ ಒಂದು ಹಿಡಿ ಅರಳೆ ಬಿಟ್ಟುಕೊಡುವ ರೂಢಿ ಇದೆ. ಆ ವರ್ಷದ ತಿರುಗಾಟದಲ್ಲಿ ಕೂಡಿದ ಹಿಡಿಗಳು ಅಜ್ಜನ ಗಂಟಿನಲ್ಲಿದ್ದವು. ಅಪ್ಪನೂ ಅಕ್ಕನೂ ಹೊಲಕ್ಕೆ ಹೋದ ಮೇಲೆ ಅವರು ಗಂಟು ಬಿಚ್ಚಿ, ಆಯಿಯ ಗಾದಿಯನ್ನೂ ಬಿಚ್ಚಿ, ಚಿಂದಿಯನ್ನು ಹೊರಗೆ ಎಳೆದು ಹಾಕಿ ಆ ಅರಳೆಯನ್ನು ತುಂಬಿದರು. ಆಯಿ ಬಾಗಿಲಲ್ಲಿ ನಿಂತು ಚಿಂದಿಯನ್ನು ನೋಡಿದಳು, ಅಜ್ಜನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಅಯ್ಯ ಇಕಿನ! ಮೂಗಿ ಅಂತ ನಂಬಿ ಕುಂತಿದ್ನಿ, ಹಳ್ಳದ ತನಕ ಡಂಗುರ ಹೊಡದು ಬಂದಾಳ!"

ನಾನು ಆ ದಿನ ಉಣ್ಣಲಿಲ್ಲ. ಆಣೆ ಮುರಿದದ್ದರಿಂದ ಆಯಿಗೆ ಏನಾದರೂ ಆದೀತೆಂದು ಹೆದರಿ ಅವಳ ಸೆರಗು ಹಿಡಿದುಕೊಂಡೇ ತಿರುಗಿದೆ. ಕೊನೆಗೆ ಅವಳು ತಟ್ಟೆಯನ್ನು ನನ್ನ ಮುಂದೆ ಕುಕ್ಕಿ, "ನಿನ್ನ ಲಗ್ನದ ಗಾದಿಗೆ ಅರಳಿ ಕೂಡಸೂ ತನಕ ನಾ ಸಾಯೂದಿಲ್ಲ. ಉಣ್ಣು ಸುಮ್ಕ" ಎಂದಳು. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಚಿಗರಿಗೂ ಹಾಕಿದಳು. ಈಗ ಈ ಗುಟ್ಟು ಅಪ್ಪನಿಗೂ ಅಕ್ಕನಿಗೂ ಗೊತ್ತು. ಅಕ್ಕ ತನ್ನ ಗಂಡನ ಮನೆಯಲ್ಲಿ ಆ ಗಾದಿಯನ್ನು ಯಾರಿಗೂ ಕೊಡುವುದಿಲ್ಲವಂತೆ. ಇದನ್ನು ಬರೆಯಲು ಆಯಿಯೇ ಒಪ್ಪಿದ್ದಾಳೆ.

ಚಿಗರಿ ಬಂದ ಮೇಲೆ ನಾನು ಬದಲಾದೆ ಎಂದು ಓಣಿಯವರು ಹೇಳುತ್ತಾರೆ. ಪೂರ್ತಿ ನಿಜವಲ್ಲ. ಈಗಲೂ ಬಂದವರ ಮುಂದೆ ಮೊದಲ ಮಾತು ಬರುವುದು ತಡ. ಆದರೆ ದಾರಿಯಲ್ಲಿ ಹೋಗುವವರು ನಾಯಿಯನ್ನು ಕಂಡು, "ಕಾಲಿಗೇನಾತು, ಹೆಸರೇನು, ಉಣ್ಣಾಕ ಹಾಕೂದಿಲ್ಲೇನು" ಎಂದು ಕೇಳುತ್ತಾರೆ. ನಾಯಿ ಹೇಳುವಂತಿಲ್ಲ, ನಾನೇ ಹೇಳಬೇಕು. ಹೀಗೆ ದಿನಕ್ಕೆ ನಾಲ್ಕು ಮಾತು, ಐದು ಮಾತು ರೂಢಿಯಾಯಿತು. ಹೂವಪ್ಪ ಮಾಸ್ತರರೂ ಮೊದಲು ನಾಯಿಯನ್ನೇ ಮಾತನಾಡಿಸಿದ್ದು. ಆಮೇಲೆ ನನಗೆ ಪುಸ್ತಕ ಕೊಟ್ಟರು, ಈಗ ಈ ಹಾಳೆಗಳನ್ನು ಕೊಟ್ಟಿದ್ದಾರೆ.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರಲ್ಲ, ಹಾಗೆ ಚಿಗರಿಯನ್ನೂ ಕಳಿಸಬೇಕೆಂದು ಅಜ್ಜ ಹೇಳಿ ಹೋಗಿದ್ದರು. ನಾನೂ ಅಪ್ಪನೂ ಗಾಡಿಯಲ್ಲಿ ಅವಳನ್ನು ಗಜೇಂದ್ರಗಡಕ್ಕೆ ಕರೆದೊಯ್ದೆವು. ಅಜ್ಜನ ಹೆಂಡತಿ ಮಾಬೂಬಿ ಅಜ್ಜಿ ಬಾಗಿಲಲ್ಲೇ ತಡೆದರು. "ಮನ್ಯಾಗ ಕಾಲಿಟ್ರ ಇದ್ದ ಮೂರು ಕಾಲೂ ಮುರೀತೇನಿ ನೋಡು!" ಎಂದು ಚಿಗರಿಗೆ ಗದರಿಸಿ, ಒಳಗೆ ಹೋಗಿ ಒಡೆದ ಬಟ್ಟಲಿನ ತುಂಬ ಹಾಲು ತಂದು ಕಟ್ಟೆಯ ಕೆಳಗಿಟ್ಟರು. ನಮಗೆ ಕೊಟ್ಟ ಚಹಾದಲ್ಲಿ ಹಾಲು ಇರಲಿಲ್ಲ. ಬಿಲ್ಲು ಗೋಡೆಗೆ ನೇತಾಡುತ್ತಿತ್ತು. ಅಜ್ಜ ಗೋಣಿಯ ಮೇಲೆ ಒಂದು ಕಂಬಳಿ ಹಾಸಿಕೊಂಡು ಕೂತಿದ್ದರು. ಆ ವರ್ಷ ತಮ್ಮ ಗಾದಿಗೆಂದು ಕೂಡಿಸಿದ ಅರಳೆ ಎಲ್ಲಿ ಹೋಯಿತೆಂದು ನನಗೆ ಆಗ ಗೊತ್ತಾಯಿತು. ಈ ವರ್ಷ ನಾನೂ ಆಯಿಯೂ ಬೆರಳಿನಿಂದಲೇ ಅರಳೆ ಬಿಡಿಸಿ, ಒಂದೊಂದು ಕಾಳನ್ನೂ ಆರಿಸಿ ತೆಗೆದು, ಅವರಿಗೊಂದು ಗಾದಿ ಹೊಲಿದು ಕಳಿಸಿದೆವು. ಹೊಲಿಗೆ ನನ್ನ ಅಕ್ಷರದ ಹಾಗೆಯೇ ಸೊಟ್ಟ. ಅಜ್ಜ ಅದರ ಮೇಲೆ ಮಲಗುತ್ತಾರೆಂದು, ಅದನ್ನು ಒಯ್ದುಕೊಟ್ಟು ಬಂದ ಗಾಡಿಯವ ಹೊಳಿಯಪ್ಪ ಹೇಳಿದ.

ಮೊನ್ನೆ ಅದೇ ಹೊಳಿಯಪ್ಪನ ಕೈಯಲ್ಲಿ ಅಜ್ಜ ಒಂದು ಸುದ್ದಿ ಕಳಿಸಿದ್ದಾರೆ. ನರಗುಂದದ ಕಡೆಯಿಂದ ಒಂದು ಮುಧೋಳ ನಾಯಿ ಬಂದಿದೆ. ಒಂದು ಕಣ್ಣು ಕಾಣುವುದಿಲ್ಲ. ಮುಶಿಗೇರಿಯ ಪರಶಪ್ಪ ಎಂಬ ಕೂಲಿ ಮಾಡುವವರು ಬೇಕು ಎಂದಿದ್ದಾರೆ. ಅವರ ಮನೆಯಲ್ಲಿ ಮುದಿ ತಾಯಿ ಇದ್ದಾಳೆ. ಗಾದಿ ಇಲ್ಲ, ಹಳೆಯ ಬಟ್ಟೆ ಕೂಡಿಸಿ ಹೊಲಿದ ಕೌದಿ ಮಾತ್ರ. "ನನಗ ನಡಿಯಾಕ ಆಗೂದಿಲ್ಲ, ಸವಡಿ ತಂಗಿ ಹೋಗಿ ನೋಡಿ ಬರ್ಲಿ" ಎಂದು ಅಜ್ಜ ಹೇಳಿದ್ದಾರಂತೆ. ನನ್ನನ್ನು ನಂಬಿ ಒಬ್ಬರು ಒಂದು ಜೀವದ ಕೆಲಸ ಒಪ್ಪಿಸಿದ್ದು ಇದೇ ಮೊದಲು. ಅದಕ್ಕೂ ಅವರಿಗೆ ನಾನು ಋಣಿ.

ನಾಳೆ ಮುಂಜಾನೆ ಹೊಳಿಯಪ್ಪನ ಗಾಡಿಯಲ್ಲಿ ಚಿಗರಿಯನ್ನು ಕರೆದುಕೊಂಡು ಮುಶಿಗೇರಿಗೆ ಹೋಗುತ್ತೇನೆ. ಪರಶಪ್ಪನವರ ತಾಯಿಯ ಕೌದಿಯನ್ನು ಮುಟ್ಟಿ ನೋಡುತ್ತೇನೆ. ಹರಿದಿದ್ದರೆ, ಯಾಕೆ ಎಂದು ಆಕೆಯನ್ನು ಕೇಳುತ್ತೇನೆ.